ಹೆಸರು ಕಳೆದುಕೊಂಡ ಭಾವಚಿತ್ರಗಳು

ಉತ್ತರ ಕರ್ನಾಟಕದ ಹಳೆಯ ಮನೆತನಗಳ ಪಡಸಾಲೆಯನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಭಾವಚಿತ್ರಗಳು. ರುಮಾಲು ಸುತ್ತಿ, ಉದ್ದನೆಯ ಕೋಟು ತೊಟ್ಟು, ಬೆತ್ತವನ್ನು ಮೊಣಕಾಲಿಗೆ ಆನಿಸಿ ಕುಳಿತ ಹಿರಿಯರು. ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಅವರ ಬದಿಯಲ್ಲಿ ನಿಂತ ಗೃಹಿಣಿ. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಹೂದೋಟ. ಹಬ್ಬಹರಿದಿನಗಳಲ್ಲಿ ಈ ಚಿತ್ರಗಳಿಗೆ ವಿಭೂತಿ ಹಚ್ಚಿ ಹೂವಿನ ಮಾಲೆ ಹಾಕುವ ರೂಢಿ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆದರೆ 'ಇವರು ಯಾರು?' ಎಂದು ಮನೆಯ ಮಕ್ಕಳು ಕೇಳಿದಾಗ ದೊರೆಯುವ ಉತ್ತರ ಬಹುಸಲ ಒಂದೇ ಆಗಿರುತ್ತದೆ: 'ಯಾರೋ ನಮ್ಮ ಹಿರೇರು.' ಪೂಜೆ ಉಳಿದಿದೆ, ಹೆಸರು ಅಳಿದಿದೆ.

ಹೆಸರು ಅಳಿದ ಚಿತ್ರಕ್ಕೆ ಆಯುಷ್ಯ ಬಹಳ ಇರುವುದಿಲ್ಲ. ಮನೆ ಪಾಲಾದಾಗ, ಹಳೆಯ ತೊಲೆ ಕಂಬಗಳನ್ನು ಇಳಿಸಿ ಹೊಸ ಮನೆ ಕಟ್ಟಿದಾಗ, ಇಂತಹ ಚೌಕಟ್ಟುಗಳು ಮೊದಲು ಅಟ್ಟವನ್ನೂ ಆಮೇಲೆ ಗುಜರಿಯ ಅಂಗಡಿಯನ್ನೂ ಸೇರುತ್ತವೆ. ಯಾರದೆಂದು ತಿಳಿಯದ ಮುಖವನ್ನು ಕಾಪಾಡಬೇಕೆಂಬ ಆಸ್ಥೆ ಮೂರನೆಯ ತಲೆಮಾರಿಗೆ ಉಳಿಯುವುದು ಕಷ್ಟ. ಆದುದರಿಂದ ಹಳೆಯ ಸ್ಟುಡಿಯೋ ಭಾವಚಿತ್ರಗಳಲ್ಲಿರುವವರು ಯಾರು, ಅವು ಯಾವ ಕಾಲದವು ಎಂಬುದನ್ನು ನಿರ್ಣಯಿಸುವ ಕಾರ್ಯವನ್ನು ಕೇವಲ ಹವ್ಯಾಸವೆಂದು ಬಗೆಯಲಾಗದು. ಅದು ಮನೆತನದ ಇತಿಹಾಸದ ಮೂಲಸಾಮಗ್ರಿಯನ್ನು ಉಳಿಸುವ ಕಾರ್ಯ. ಅದನ್ನು ಮಾಡಬೇಕಾದ ಹೊತ್ತು ಇದೇ. ಏಕೆಂದರೆ ಆ ಮುಖಗಳನ್ನು ಕಣ್ಣಾರೆ ಕಂಡವರ ಕೊನೆಯ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ.

ಈ ನಾಡಿನಲ್ಲಿ ವಂಶಾವಳಿಯನ್ನು ಕಾಪಾಡುವ ಪದ್ಧತಿ ಇರಲಿಲ್ಲವೆಂದಲ್ಲ. ಎತ್ತಿನ ಮೇಲೆ ಕುಳಿತು ಊರೂರು ಸುತ್ತುವ ಹೆಳವರು ಕೆಲವು ವರ್ಷಗಳಿಗೊಮ್ಮೆ ಮನೆಯ ಮುಂದೆ ಬಂದು, ಆ ಮನೆತನದ ಮೂಲ ಊರು ಯಾವುದು, ಯಾರ ಮಗ ಯಾರು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದನ್ನು ನಿರರ್ಗಳವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುತ್ತಿದ್ದರು. ಅವರ ಸ್ಮರಣಶಕ್ತಿ ಅಸಾಧಾರಣವಾದುದು. ಆದರೆ ಆ ವಂಶಾವಳಿ ಮುಖ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವ ಹೆಸರುಗಳ ಸರಪಳಿ. ಅದರಲ್ಲಿ ಹೆಸರಿದೆ, ಮುಖವಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ಮುಖವಿದೆ, ಹೆಸರಿಲ್ಲ. ಈ ಎರಡನ್ನೂ ಒಂದುಗೂಡಿಸುವುದೇ ಭಾವಚಿತ್ರ ಸಂಶೋಧನೆಯ ಉದ್ದೇಶ.

ಹಾಗೆ ಒಂದುಗೂಡಿಸುವಾಗ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಹೆಸರಿಲ್ಲದ ಚಿತ್ರಕ್ಕಿಂತ ತಪ್ಪು ಹೆಸರಿನ ಚಿತ್ರ ಹೆಚ್ಚು ಅಪಾಯಕರ. ಹೆಸರಿಲ್ಲದ ಚಿತ್ರ ಮುಂದಿನ ಸಂಶೋಧಕನಿಗೆ ಪ್ರಶ್ನೆಯಾಗಿಯಾದರೂ ಉಳಿಯುತ್ತದೆ. ತಪ್ಪು ಹೆಸರು ಆ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ. ಅದು ಒಮ್ಮೆ ಸ್ಮರಣ ಸಂಚಿಕೆಯಲ್ಲಿ ಅಚ್ಚಾದರಂತೂ ಮುಗಿಯಿತು. ಮುಂದಿನ ಸಂಚಿಕೆ ಹಿಂದಿನದನ್ನು ನೋಡಿ ಅಚ್ಚು ಹಾಕುತ್ತದೆ, ಎರಡು ಸಂಚಿಕೆಗಳಲ್ಲಿ ಬಂದುದು ಪ್ರಮಾಣವೆನಿಸುತ್ತದೆ. 'ಸುಮಾರು ನೂರು ವರ್ಷಗಳ ಹಿಂದಿನ ಚಿತ್ರ' ಎಂಬ ಅಡಿಬರಹವೂ ಇದೇ ಬಗೆಯದು. ಇಪ್ಪತ್ತೈದು ವರ್ಷಗಳ ತರುವಾಯದ ಸಂಚಿಕೆಯಲ್ಲಿಯೂ ಅದೇ ಚಿತ್ರ 'ಸುಮಾರು ನೂರು ವರ್ಷಗಳ ಹಿಂದಿನದು' ಎಂದೇ ಅಚ್ಚಾಗುವುದನ್ನು ತಡೆಯುವವರಿಲ್ಲ.

ಕಾಲನಿರ್ಣಯ ಹೇಗೆ ಸಾಧ್ಯ? ತಾಳೆಗರಿಯ ಗ್ರಂಥವನ್ನು ಪರೀಕ್ಷಿಸುವವರು ಗ್ರಂಥವನ್ನು ಓದುವ ಮೊದಲು ಗರಿಯನ್ನೂ ಲಿಪಿಯನ್ನೂ ನೋಡುತ್ತಾರೆ. ಹಾಗೆಯೇ ಛಾಯಾಚಿತ್ರದಲ್ಲಿ ಮುಖವನ್ನು ನೋಡುವ ಮೊದಲು ಕಾಗದವನ್ನು ನೋಡಬೇಕು. ಛಾಯಾಗ್ರಹಣವು ಫ್ರಾನ್ಸಿನಲ್ಲಿ ಪ್ರಕಟವಾದುದು ೧೮೩೯ರಲ್ಲಿ. ಬಹುಬೇಗ ಅದು ಭಾರತಕ್ಕೂ ಬಂದಿತು. ೧೮೫೪ರಲ್ಲಿಯೇ ಮುಂಬಯಿಯಲ್ಲಿ ಛಾಯಾಚಿತ್ರಗಾರರ ಸಂಘವೊಂದು ಸ್ಥಾಪಿತವಾಯಿತು. ಅದೇ ೧೮೫೪ರಲ್ಲಿ ಪ್ಯಾರಿಸಿನ ಡಿಸ್ಡೇರಿ ಎಂಬಾತನು 'ಕಾರ್ತ್ ದ ವಿಸೀತ್' ಎಂಬ ಚಿಕ್ಕ ಚಿತ್ರಪದ್ಧತಿಗೆ ಹಕ್ಕುಪತ್ರ ಪಡೆದನು. ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ರಟ್ಟಿನ ಮೇಲೆ ಅಂಟಿಸಿದ ಚಿತ್ರ ಅದು. ೧೮೬೬ರ ಸುಮಾರಿಗೆ ಅದಕ್ಕಿಂತ ದೊಡ್ಡದಾದ, ನಾಲ್ಕೂಕಾಲು ಅಂಗುಲ ಅಗಲ ಆರೂವರೆ ಅಂಗುಲ ಎತ್ತರದ 'ಕ್ಯಾಬಿನೆಟ್' ಚಿತ್ರ ಬಳಕೆಗೆ ಬಂದಿತು. ಅಂದಮೇಲೆ ಅಳತೆಪಟ್ಟಿಯೊಂದೇ ಸಂಶೋಧಕನಿಗೆ ಒಂದು ಮೇರೆಯನ್ನು ಹಾಕಿಕೊಡುತ್ತದೆ: ಈ ಚಿತ್ರ ಇದಕ್ಕಿಂತ ಹಿಂದಿನದಾಗಿರಲಾರದು ಎಂದು.

ಆ ಕಾಲದ ಚಿತ್ರಗಳಲ್ಲಿ ಬಹುಪಾಲು ಮೊಟ್ಟೆಯ ಬಿಳಿಯ ಲೋಳೆಯನ್ನು ಲೇಪಿಸಿದ ತೆಳುಕಾಗದದ ಮೇಲೆ ಮುದ್ರಿತವಾದವು. ೧೮೫೦ರಲ್ಲಿ ಬಳಕೆಗೆ ಬಂದ ಈ ಕಾಗದ ಸುಮಾರು ೧೮೯೦ರ ದಶಕದವರೆಗೂ ಮೇಲುಗೈ ಪಡೆದಿತ್ತು. ಅದು ತಾನಾಗಿಯೇ ಸುರುಳಿಕೊಳ್ಳುವಷ್ಟು ತೆಳ್ಳಗಿದ್ದುದರಿಂದ ಅದನ್ನು ರಟ್ಟಿಗೆ ಅಂಟಿಸುವುದು ಅನಿವಾರ್ಯವಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಕಾಗದದ ನಾರು ಎದ್ದು ಕಾಣುತ್ತದೆ. ಬೆಳಕಿನ ಭಾಗಗಳು ಹಳದಿಗೆ ತಿರುಗಿರುತ್ತವೆ. ನೆರಳಿನ ಭಾಗ ಕಂದು ಇಲ್ಲವೆ ನೇರಿಳೆಗಂದು. ತರುವಾಯ ಬಂದ ಜೆಲಾಟಿನ್ ಲೇಪದ ಕಾಗದದ ಚಿತ್ರಗಳು ಹೆಚ್ಚಾಗಿ ಕಪ್ಪು-ಬಿಳುಪಿನವು. ಅವು ಹಳತಾದಂತೆ ಅಂಚಿನ ಕಪ್ಪುಭಾಗಗಳಲ್ಲಿ ಬೆಳ್ಳಿಯ ನೀಲಿಛಾಯೆಯ ಹೊಳಪು ಮೇಲೇಳುತ್ತದೆ. ಕೈಗೆ ಪ್ಲಾಸ್ಟಿಕಿನಂತೆ ನುಣುಪಾಗಿ ಹತ್ತುವ ಕಾಗದ ೧೯೭೦ರ ದಶಕದಿಂದೀಚೆಗೆ ವ್ಯಾಪಕವಾದುದು. ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಿಳೆ ದೀಪದ ಕೆಳಗೆ ಚಿತ್ರದ ಕಾಗದ ನೀಲಿಬಿಳುಪಾಗಿ ಬೆಳಗಿದರೆ, ಆ ಮುದ್ರಣ ೧೯೫೦ರ ದಶಕದ ಅನಂತರದ್ದೆಂದು ತಿಳಿಯಬೇಕು. ಅದಕ್ಕೂ ಹಿಂದಿನ ಕಾಗದಕ್ಕೆ ಹಾಗೆ ಬೆಳಗುವ ದ್ರವ್ಯವನ್ನು ಸೇರಿಸುತ್ತಿರಲಿಲ್ಲ.

ಕಾಗದದ ಮುಂಭಾಗ ಮುಖವನ್ನು ತೋರಿದರೆ ಹಿಂಭಾಗ ಕಾಲವನ್ನು ಹೇಳುತ್ತದೆ. ಅಂಚೆಕಾರ್ಡಿನ ಹಾಗೆ ಹಿಂದೆ ನಡುಗೆರೆ ಎಳೆದು, ಒಂದು ಬದಿ ವಿಳಾಸಕ್ಕೂ ಒಂದು ಬದಿ ಒಕ್ಕಣೆಗೂ ಎಂದು ಭಾಗ ಮಾಡಿದ ಕಾಗದದ ಮೇಲೆ ಸ್ಟುಡಿಯೋದವರು ಭಾವಚಿತ್ರಗಳನ್ನು ಮುದ್ರಿಸಿಕೊಡುತ್ತಿದ್ದ ಕಾಲವೊಂದಿತ್ತು. ಇಂತಹ ನಡುಗೆರೆಯ ಕಾರ್ಡಿಗೆ ಬ್ರಿಟನ್ನಿನಲ್ಲಿ ಮೊದಲು ಅನುಮತಿ ದೊರೆತುದು ೧೯೦೨ರಲ್ಲಿ. ಆದುದರಿಂದ ಆ ಬಗೆಯ ಚಿತ್ರ ಹತ್ತೊಂಬತ್ತನೆಯ ಶತಮಾನದ್ದಾಗುವುದು ಅಸಂಭವ. ಸ್ಟುಡಿಯೋದ ಮುದ್ರೆಯಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ ಅದು ೧೯೭೨ರ ಆಗಸ್ಟಿನ ಅನಂತರದ್ದು. ದರವನ್ನು ಆಣೆಗಳಲ್ಲಿ ಬರೆದಿದ್ದರೆ, ೧೯೫೭ರಲ್ಲಿ ದಶಮಾಂಶ ನಾಣ್ಯಪದ್ಧತಿ ಬರುವ ಮೊದಲಿನದಾಗಿರಬೇಕು, ಇಲ್ಲವೆ ಅದರ ಬೆನ್ನಿಗೇ ಬಂದ ಕೆಲವು ವರ್ಷಗಳದ್ದಾಗಿರಬೇಕು. 'ಮೈಸೂರು ರಾಜ್ಯ' ಎಂದು ಹುಬ್ಬಳ್ಳಿ-ಧಾರವಾಡದ ವಿಳಾಸದಲ್ಲಿ ಕಂಡರೆ, ಏಕೀಕರಣವಾದ ೧೯೫೬ಕ್ಕೂ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ೧೯೭೩ಕ್ಕೂ ನಡುವಣ ಕಾಲವೆಂದು ಸ್ಥೂಲವಾಗಿ ಹೇಳಬಹುದು. ಬೆಂಗಳೂರಿನ ದಂಡುಪ್ರದೇಶವನ್ನು 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂದು ಕರೆದಿದ್ದರೆ, ಆ ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ ೧೯೪೭ಕ್ಕೆ ಹಿಂದಿನದೆಂದು ಭಾವಿಸಬಹುದು.

ಸ್ಟುಡಿಯೋದ ಹೆಸರು ಮಾತ್ರ ಊರನ್ನು ಹೇಳುವಷ್ಟು ಸುಲಭವಾಗಿ ಕಾಲವನ್ನು ಹೇಳುವುದಿಲ್ಲ. ಕಲಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಎಂಬ ಹೆಸರು ೧೮೬೦ರ ದಶಕದಿಂದ ೨೦೧೬ರಲ್ಲಿ ಅದರ ಬಾಗಿಲು ಮುಚ್ಚುವವರೆಗೂ ನಡೆದುಬಂದಿತು. ಆದರೆ ಹೆಸರಿನ ಜೊತೆಗಿರುವ ಬಿರುದು, ಶಾಖೆ, ವಿಳಾಸಗಳು ಕಾಲವನ್ನು ಕಿರಿದುಗೊಳಿಸುತ್ತವೆ. ಸಿಕಂದರಾಬಾದಿನ ಸುಪ್ರಸಿದ್ಧ ಛಾಯಾಚಿತ್ರಗಾರ ಲಾಲಾ ದೀನ್‌ದಯಾಳರಿಗೆ (೧೮೪೪-೧೯೦೫) ನಿಜಾಮರು 'ರಾಜಾ' ಪದವಿಯನ್ನಿತ್ತುದು ೧೮೯೪ರಲ್ಲಿ. 'ರಾಜಾ ದೀನ್‌ದಯಾಳ್' ಎಂದು ಅಚ್ಚಾದ ರಟ್ಟು ಅದಕ್ಕೂ ಮೊದಲಿನದಾಗಿರಲಾರದು. ಕಲಬುರ್ಗಿ, ಬೀದರ, ರಾಯಚೂರು ಕಡೆಯ ಸಿರಿವಂತ ಮನೆಗಳಲ್ಲಿ ಹೈದರಾಬಾದಿನ ಸ್ಟುಡಿಯೋಗಳ ಚಿತ್ರಗಳೂ, ಬೆಳಗಾವಿ-ಧಾರವಾಡದ ಮನೆಗಳಲ್ಲಿ ಮುಂಬಯಿ-ಪುಣೆಗಳ ಚಿತ್ರಗಳೂ ಸಿಕ್ಕರೆ ಆಶ್ಚರ್ಯವಿಲ್ಲ. ಆಗಿನ ರಾಜ್ಯದ ಗಡಿ ಬೇರೆ, ಪ್ರಯಾಣದ ದಾರಿ ಬೇರೆ.

ಬೆನ್ನ ಮೇಲೆ ಹಿರಿಯರ ಕೈಬರಹವಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಆದರೆ ಅದನ್ನೂ ವಿಚಾರಿಸಿ ಓದಬೇಕು. 'ರಕ್ತಾಕ್ಷಿ ಸಂ||' ಎಂದು ಬರೆದಿದ್ದರೆ ಅದು ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದ ೧೯೨೪-೨೫ ಆಗಬಹುದು, ಅರವತ್ತು ವರ್ಷ ಈಚಿನ ೧೯೮೪-೮೫ ಆಗಬಹುದು. ಕೇವಲ ಲೆಕ್ಕದ ಪ್ರಕಾರ ೧೮೬೪-೬೫ ಕೂಡ ಆಗಬಹುದು. ಇವುಗಳಲ್ಲಿ ಯಾವುದೆಂದು ತೀರ್ಮಾನಿಸುವುದು ಕಾಗದ ಮತ್ತು ರಟ್ಟು. ನಿಜಾಮರ ಸೀಮೆಯ ಮನೆಗಳಲ್ಲಿ '೧೩೪೦' ಎಂದು ಬರೆದ ಇಸವಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಫಸಲಿ ಸನ್. ಐದುನೂರ ತೊಂಬತ್ತನ್ನು ಕೂಡಿಸಿದರೆ ೧೯೩೦-೩೧ ಬರುತ್ತದೆ. ಶಾಲಿವಾಹನ ಶಕೆಗೆ ಎಪ್ಪತ್ತೆಂಟನ್ನು ಕೂಡಿಸಬೇಕೆಂಬುದು ಶಿಕ್ಷಕರಿಗೆ ಹೇಳಬೇಕಾದ ಮಾತಲ್ಲ.

ಇಷ್ಟಾದ ಮೇಲೆ ಉಡುಗೆ ತೊಡುಗೆಗಳ ಸಾಕ್ಷ್ಯಕ್ಕೆ ಬರಬೇಕು. ಎದೆಯ ಮೇಲೆ ೧೯೧೧ರ ದಿಲ್ಲಿ ದರ್ಬಾರಿನ ಪದಕವಿದ್ದವರ ಚಿತ್ರ ಆ ವರ್ಷಕ್ಕೆ ಹಿಂದಿನದಲ್ಲ. ೧೯೩೫ರ ರಜತೋತ್ಸವ ಪದಕದ ಮಾತೂ ಹಾಗೆಯೇ. ಬಿಳಿಯ ಗಾಂಧಿ ಟೋಪಿ ವ್ಯಾಪಕವಾದುದು ೧೯೨೦ರ ಅಸಹಕಾರ ಚಳವಳಿಯ ಹೊತ್ತಿಗೆ. ಗಂಡಸರು ಮಣಿಕಟ್ಟಿನಲ್ಲಿ ಗಡಿಯಾರ ಕಟ್ಟುವ ರೂಢಿ ಹಬ್ಬಿದುದು ಮೊದಲ ಮಹಾಯುದ್ಧದ ಅನಂತರ. ಅದಕ್ಕೂ ಮೊದಲಿನವರ ಕೋಟಿನ ಮೇಲೆ ಸರಪಳಿ ಕಾಣುತ್ತದೆ, ಗಡಿಯಾರ ಜೇಬಿನಲ್ಲಿರುತ್ತದೆ. ಆದರೆ ಉಡುಪಿನ ಸಾಕ್ಷ್ಯ ಬಹಳ ಜಾರುವ ನೆಲ. ಹಳ್ಳಿಯಿಂದ ಬಂದವರಿಗೆ ಕೋಟು, ಶಲ್ಯ, ಬೂಟುಗಳನ್ನು ಸ್ಟುಡಿಯೋದವರೇ ಕೊಡುವುದಿತ್ತು. ಮೇಜಿನ ಮೇಲಿನ ದಪ್ಪ ಪುಸ್ತಕವೂ ಹೂದಾನಿಯೂ ಅವರವೇ. ಪುಸ್ತಕ ಹಿಡಿದು ಕುಳಿತಿದ್ದಾರೆಂದ ಮಾತ್ರಕ್ಕೆ ಅಜ್ಜನವರು ಪಂಡಿತರೆಂದು ಬರೆಯುವುದು ದುಡುಕು. ಮುದುಕರು ತಮ್ಮ ಯೌವನದ ಉಡುಗೆಯನ್ನು ಕೊನೆಯವರೆಗೂ ಬಿಡುವುದಿಲ್ಲ. ಆದುದರಿಂದ ಚಿತ್ರದಲ್ಲಿರುವ ಅತಿ ಹಳೆಯ ವಸ್ತುವಿನಿಂದ ಕಾಲ ನಿರ್ಣಯಿಸದೆ ಅತಿ ಹೊಸ ವಸ್ತುವಿನಿಂದ ನಿರ್ಣಯಿಸಬೇಕು.

ಬಣ್ಣದ ವಿಷಯದಲ್ಲಿಯೂ ಜನ ಮೋಸಹೋಗುವುದುಂಟು. ಹಿಂದಿನ ಛಾಯಾಗ್ರಹಣದ ಫಲಕಗಳು ನೀಲಿ ಬೆಳಕಿಗೆ ಬಹುವಾಗಿಯೂ ಕೆಂಪಿಗೆ ಅತ್ಯಲ್ಪವಾಗಿಯೂ ಸ್ಪಂದಿಸುತ್ತಿದ್ದವು. ಎಲ್ಲ ಬಣ್ಣಗಳನ್ನೂ ಸರಿಯಾಗಿ ಗ್ರಹಿಸುವ ಫಲಕಗಳು ಸಾಮಾನ್ಯವಾದುದು ೧೯೨೦ರ ದಶಕದಿಂದೀಚೆಗೆ. ಆದುದರಿಂದ ಹಳೆಯ ಚಿತ್ರದಲ್ಲಿ ಕೆಂಪು ಸೀರೆ ಕಪ್ಪಾಗಿಯೂ ತಿಳಿನೀಲಿಯ ಸೀರೆ ಬಿಳಿಯದಾಗಿಯೂ ಕಾಣಬಹುದು. 'ಅಜ್ಜಿ ಬಿಳಿಸೀರೆ ಉಟ್ಟಿದ್ದಾಳೆ, ಆಗಲೇ ವಿಧವೆಯಾಗಿರಬೇಕು' ಎಂದು ತರ್ಕಿಸಿ, ಬದುಕಿದ್ದ ಅಜ್ಜನನ್ನು ಕಾಗದದ ಮೇಲೆ ಹತ್ತು ವರ್ಷ ಮೊದಲೇ ಲಿಂಗೈಕ್ಯನನ್ನಾಗಿಸುವ ಅಪಾಯ ಇಲ್ಲಿದೆ. ಮೈಬಣ್ಣದ ಬಗ್ಗೆ ಅಂತಹ ಚಿತ್ರಗಳನ್ನು ನಂಬಿ ಏನನ್ನೂ ಹೇಳಲಾಗದು.

ಎಲ್ಲಕ್ಕಿಂತ ದೊಡ್ಡ ತೊಡಕು ಮರುಮುದ್ರಣದ್ದು. ಪಡಸಾಲೆಯ ದೊಡ್ಡ ಚಿತ್ರಗಳಲ್ಲಿ ಅನೇಕವು ಮೂಲಚಿತ್ರಗಳಲ್ಲ. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಯಾವುದೋ ಗುಂಪುಚಿತ್ರದಿಂದ ಒಂದು ಮುಖವನ್ನು ಆರಿಸಿ, ಹಿಗ್ಗಿಸಿ, ಬಣ್ಣ ತೀಡಿಸಿ, ಇಲ್ಲದ ಕೋಟನ್ನೂ ಉಂಗುರವನ್ನೂ ಬರೆಯಿಸಿ ಮಾಡಿಸಿದವು. ಅಲ್ಲಿ ಕಾಗದ ೧೯೫೫ರದಾಗಿರಬಹುದು, ಮುಖ ೧೯೨೦ರದಾಗಿರಬಹುದು. ಚೌಕಟ್ಟು ಕಟ್ಟುವವರು ಹಿಂದೆ ತುರುಕಿದ ಹಳೆಯ ವೃತ್ತಪತ್ರಿಕೆಯ ತಾರೀಖು ಕಟ್ಟು ಹಾಕಿದ ಕಾಲಕ್ಕೆ ಸುಳಿವು ಕೊಡುತ್ತದೆ. ಚಿತ್ರ ತೆಗೆದ ಕಾಲವನ್ನು ಹೇಳುವುದಿಲ್ಲ. ಹೀಗೆ ಮುಖದ ಕಾಲ, ಮುದ್ರಣದ ಕಾಲ, ಚೌಕಟ್ಟಿನ ಕಾಲ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡುವುದು ಸಂಶೋಧಕನ ಮೊದಲ ಶಿಸ್ತು.

ಈ ಎಲ್ಲ ಸಾಧನಗಳು ಹೇಗೆ ಕೂಡಿ ಕೆಲಸ ಮಾಡುತ್ತವೆಂಬುದಕ್ಕೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಂದು ಮನೆತನದ ಮುತ್ತಜ್ಜನವರು ಊರಿಗೆ ಬಾವಿ ತೋಡಿಸಿದ ದಾನಿಗಳು. ಅವರು ಲಿಂಗೈಕ್ಯರಾದುದು ೧೮೯೬ರಲ್ಲಿ. ಸಂಚಿಕೆಗೆ ಅವರ ಭಾವಚಿತ್ರ ಬೇಕೆಂದಾಗ ಮನೆಯವರು ಹಳೆಯ ಪೆಟ್ಟಿಗೆಯಿಂದ ಒಂದು ಚಿತ್ರ ತೆಗೆದುಕೊಡುತ್ತಾರೆ. ಕುರ್ಚಿಯಲ್ಲಿ ಕುಳಿತ ಗಂಭೀರ ಪುರುಷ, ನಿಂತ ಹೆಣ್ಣುಮಗಳು, ಮೊಣಕಾಲ ಬಳಿ ಏಳೆಂಟು ವರ್ಷದ ಹುಡುಗ. ಚಿತ್ರವನ್ನು ತಿರುವಿದರೆ ಬೆನ್ನಿಗೆ ಅಂಚೆಕಾರ್ಡಿನ ನಡುಗೆರೆ. ಅಲ್ಲಿಗೆ ಅದು ಮುತ್ತಜ್ಜನವರ ಚಿತ್ರವಲ್ಲವೆಂದಾಯಿತು. ಊರ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಮೊಮ್ಮಗನ ಜನ್ಮದಿನ ೧೯೦೯ ಎಂದಿದೆ. ಹುಡುಗ ಅವನೇ ಆದರೆ ಚಿತ್ರ ೧೯೧೬ರ ಆಸುಪಾಸಿನದು. ಕುಳಿತವರು ದಾನಿಗಳ ಮಗ. ನಿಂತ ಹೆಣ್ಣುಮಗಳ ಹೆಸರನ್ನು ಮನೆಯ ಗಂಡಸರಲ್ಲಿ ಯಾರೂ ಹೇಳಲಾರರು. ಆದರೆ ಆ ಹುಡುಗನ ಮಗಳು, ಬೇರೆ ಊರಿಗೆ ಮದುವೆಯಾಗಿ ಹೋದ ಎಂಬತ್ತೈದರ ವೃದ್ಧೆ, ಚಿತ್ರವನ್ನು ಕೈಗೆ ಕೊಟ್ಟೊಡನೆ ಮೂಗಿನ ನತ್ತನ್ನು ನೋಡಿ 'ಇದು ನಮ್ಮ ಆಯಿ. ಈ ನತ್ತು ನನ್ನ ಅಕ್ಕನಿಗೆ ಬಂತು' ಎನ್ನುತ್ತಾಳೆ. ಕಾಗದ ಕಾಲದ ಮೇರೆ ಹಾಕಿತು, ಶಾಲೆಯ ಪುಸ್ತಕ ವರ್ಷವನ್ನು ಹತ್ತಿರ ತಂದಿತು, ಮನೆಯ ಮಗಳು ಹೆಸರನ್ನು ಕೊಟ್ಟಳು.

ಈ ನಿದರ್ಶನದಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಚಿತ್ರದಲ್ಲಿರುವ ಮಕ್ಕಳೇ ಅತ್ಯಂತ ನಂಬಿಕೆಯ ಗಡಿಯಾರ. ನಲವತ್ತರವರನ್ನೂ ಐವತ್ತರವರನ್ನೂ ಚಿತ್ರದಲ್ಲಿ ಬೇರ್ಪಡಿಸುವುದು ಕಷ್ಟ; ಮೂರು ವರ್ಷದ ಮಗುವನ್ನೂ ಎಂಟು ವರ್ಷದ ಬಾಲಕನನ್ನೂ ಯಾರೂ ತಪ್ಪಾಗಿ ತಿಳಿಯಲಾರರು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಮನೆತನದ ಇತಿಹಾಸಕ್ಕೆ ಎಷ್ಟು ಬೆಲೆಯುಳ್ಳವೆಂಬುದು ಇಲ್ಲಿ ತಿಳಿಯುತ್ತದೆ. ಅಲ್ಲಿನ ಜನ್ಮದಿನಗಳಲ್ಲಿ ಬಹಳಷ್ಟು ಜೂನ್ ಒಂದರಂದೇ ಏಕೆ ಬೀಳುತ್ತವೆಂಬ ಗುಟ್ಟು ಶಿಕ್ಷಕರಿಗೆ ಗೊತ್ತಿರುವುದರಿಂದ, ಒಂದೆರಡು ವರ್ಷಗಳ ಅಂತರವನ್ನು ಬಿಟ್ಟುಕೊಂಡೇ ಲೆಕ್ಕ ಹಾಕುವುದು ಯುಕ್ತ.

ಎರಡನೆಯದು ಇನ್ನೂ ಮುಖ್ಯವಾದುದು. ಮನೆತನದ ನೆನಪನ್ನು ಹುಡುಕುವವರು ಮೂಲಮನೆಯ ಗಂಡಸರನ್ನು ಕೇಳಿ ಸುಮ್ಮನಾಗುತ್ತಾರೆ. ಆದರೆ ಮುಖಗಳನ್ನು, ಒಡವೆಗಳನ್ನು, ಸೀರೆಗಳನ್ನು ನೆನಪಿಟ್ಟವರು ಆ ಮನೆಯಲ್ಲಿ ಹುಟ್ಟಿ ಬೇರೆ ಊರು ಸೇರಿದ ಹೆಣ್ಣುಮಕ್ಕಳು. ತವರಿನ ಚಿತ್ರದ ಒಂದು ಪ್ರತಿ ಅವರ ಟ್ರಂಕಿನಲ್ಲಿ ಭದ್ರವಾಗಿರುವುದೂ ಉಂಟು. ವಂಶಾವಳಿಯಲ್ಲಿ ಹೆಸರಿಲ್ಲದ, ಆಸ್ತಿಪತ್ರದಲ್ಲಿ ಹೆಬ್ಬೆಟ್ಟೂ ಇಲ್ಲದ ಎಷ್ಟೋ ಜನ ಗೃಹಿಣಿಯರಿಗೆ ಈ ಲೋಕದಲ್ಲಿ ತಾವು ಬದುಕಿದ್ದೆವೆಂಬುದಕ್ಕೆ ಉಳಿದ ಒಂದೇ ಸಾಕ್ಷಿ ಆ ಚಿತ್ರ. ಕೆಲವರ ಪಾಲಿಗೆ ಅದೂ ಬದುಕಿದ್ದಾಗಿನದಲ್ಲ. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂವಿನಿಂದ ಅಲಂಕರಿಸಿ, ಸುತ್ತಲೂ ಮನೆಮಂದಿ ನಿಂತು ತೆಗೆಸಿದ ಚಿತ್ರವೇ ಅವರ ಮೊದಲನೆಯ ಹಾಗೂ ಕೊನೆಯ ಭಾವಚಿತ್ರ. ಇಂದಿನ ಮಕ್ಕಳು ಅಂತಹ ಚಿತ್ರವನ್ನು ಅಶುಭವೆಂದು ತೆಗೆದುಹಾಕುವುದುಂಟು. ಅದು ಸಲ್ಲದು. ದಿನ ತಿಳಿಯಬಹುದಾದ ಚಿತ್ರ ಯಾವುದಾದರೂ ಇದ್ದರೆ ಅದೇ. ಆ ದಿನ ಯಾರು ಯಾರು ಮನೆಯಲ್ಲಿದ್ದರೆಂಬುದಕ್ಕೆ ಅದೇ ಪ್ರಮಾಣ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕುಲದ ಹೆಮ್ಮೆಯನ್ನು ಶರಣರು ಒಪ್ಪಲಿಲ್ಲ. ಹಾಗಿರುವಾಗ ವಂಶದ ಮುಖಗಳನ್ನು ಹುಡುಕುವ ಈ ಸಡಗರವೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದುದೇ. ಶ್ರೀಮಂತ ಪೂರ್ವಜನೊಬ್ಬನನ್ನು ಕಂಡುಕೊಳ್ಳುವ ಆಸೆಯಿಂದ ಕಂಡ ಕಂಡ ಜರಿರುಮಾಲಿನ ಚಿತ್ರಕ್ಕೆಲ್ಲ ಮುತ್ತಜ್ಜನ ಹೆಸರಿಡುವುದು ಹೆಮ್ಮೆಯ ಕೆಲಸವೇ ಸರಿ; ತಪ್ಪು ಹೆಸರುಗಳು ಹುಟ್ಟುವುದು ಬಹುಮಟ್ಟಿಗೆ ಅಲ್ಲಿಂದಲೇ. ಆದರೆ ಚಿತ್ರದ ಅಂಚಿನಲ್ಲಿ ಅರ್ಧ ಮಾತ್ರ ಕಾಣುವಂತೆ ನಿಂತ ಆಳುಮಗನ ಹೆಸರನ್ನೂ ಕೇಳಿ ಬರೆಯುವವನು ಮಾಡುತ್ತಿರುವುದು ಕುಲದ ಬಡಾಯಿಯಲ್ಲ, ಋಣದ ಸ್ಮರಣೆ. ಆ ಮನೆಯನ್ನು ತಮ್ಮ ದುಡಿಮೆಯಿಂದ ನಿಲ್ಲಿಸಿದವರಲ್ಲಿ ಅವನೂ ಒಬ್ಬ. ಹೆಸರು ಕೇಳುವಾಗ ಕುಳಿತವರು ನಿಂತವರು ಎಂಬ ಭೇದ ಮಾಡಬಾರದು.

ಮನೆಮನೆಯಿಂದ ಸಂಗ್ರಹಿಸುವ ಕಾರ್ಯಕ್ಕೆ ಈ ನಾಡಿನಲ್ಲಿ ದೊಡ್ಡ ಮೇಲ್ಪಂಕ್ತಿಯೇ ಇದೆ. ಡಾ. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಮನೆಗಳಲ್ಲಿಯೂ ಮಠಗಳಲ್ಲಿಯೂ ಅಡಗಿದ್ದ ತಾಳೆಗರಿಗಳನ್ನು ಹುಡುಕಿ ಓದಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಭಾವಚಿತ್ರಗಳಿಗೆ ವಚನಗಳ ಬೆಲೆ ಇದೆಯೆಂದು ಯಾರೂ ಹೇಳಲಾರರು. ಆದರೆ ಪೂಜೆಗೊಳ್ಳುವ ವಸ್ತು ಓದಿಸಿಕೊಳ್ಳದೆ ಹೋದರೆ ಪೂಜೆಯ ನಡುವೆಯೇ ನಾಶವಾಗುತ್ತದೆಂಬ ಪಾಠ ಎರಡಕ್ಕೂ ಸಮಾನ.

ಆದುದರಿಂದ ಮಾಡಬೇಕಾದ ಕೆಲಸ ಸರಳವಾದುದು. ಪ್ರತಿಯೊಂದು ಚಿತ್ರದ ಹಿಂದೆ, ಅಂಚಿನ ಸಮೀಪ, ಮೆದುವಾದ ಪೆನ್ಸಿಲಿನಿಂದ ಹಗುರಾಗಿ ಹೆಸರು, ಸಂಬಂಧ, ಊರು ಇವುಗಳನ್ನು ಬರೆಯಬೇಕು. ಬಾಲ್‌ಪೆನ್ನಿನಿಂದ ಬರೆದರೆ ಮುಖದ ಮೇಲೆ ಗೆರೆ ಮೂಡುತ್ತದೆ, ಶಾಯಿ ಹರಡುತ್ತದೆ. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದನ್ನೂ ಸೇರಿಸಬೇಕು. ಹೇಳಿದವರ ಹೆಸರಿಲ್ಲದ ಮಾತು ಸಾಕ್ಷ್ಯವಾಗುವುದಿಲ್ಲ. ಖಚಿತವಿಲ್ಲದಲ್ಲಿ '೧೯೧೦ ರಿಂದ ೧೯೨೦ರ ನಡುವೆ' ಎಂದು ಬರೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. 'ಇರಬಹುದು' ಎಂಬ ಶಬ್ದ ಸಂಶೋಧಕನಿಗೆ ಅವಮಾನವಲ್ಲ. ಗಾಜಿಗೆ ಹತ್ತಿಕೊಂಡ ಚಿತ್ರವನ್ನು ಎಳೆದು ಬಿಡಿಸಬಾರದು, ನೀರು ಹಚ್ಚಿ ಒರೆಸಬಾರದು, ಲ್ಯಾಮಿನೇಷನ್ ಮಾಡಿಸಬಾರದು. ದೀಪದ ಹೊಗೆ, ಕುಂಕುಮ, ಬಿಸಿಲು ಇವುಗಳಿಂದ ದೂರ ಇಡಬೇಕು. ಪೂಜೆಗೆ ನಕಲುಪ್ರತಿ ಸಾಕು.

ಇಂದು ಕೈಯಲ್ಲಿರುವ ಮೊಬೈಲಿನಿಂದಲೇ ಒಳ್ಳೆಯ ನಕಲು ತೆಗೆಯಬಹುದಾಗಿದೆ. ಚಿತ್ರದ ಮುಂಭಾಗದಷ್ಟೇ ಎಚ್ಚರದಿಂದ ಹಿಂಭಾಗವನ್ನೂ ತೆಗೆಯಬೇಕು. ಮಸುಕಾದ ಮುಖವನ್ನು ಗಣಕಯಂತ್ರದಿಂದ ಸ್ಪಷ್ಟಗೊಳಿಸಿ ಬಣ್ಣ ತುಂಬುವ ಹುಮ್ಮಸ್ಸು ಈಚೆಗೆ ಹೆಚ್ಚಾಗಿದೆ. ನೋಡಲು ಸೊಗಸಾದರೂ ಅಲ್ಲಿ ಕಾಣುವ ಕಣ್ಣು, ಸೀರೆಯ ಬಣ್ಣ, ಕೆನ್ನೆಯ ಗೆರೆ ಯಂತ್ರದ ಊಹೆಯೇ ಹೊರತು ಅಜ್ಜಿಯವಲ್ಲ. ಹಿಂದಿನ ಚಿತ್ರಗಾರ ಇಲ್ಲದ ಉಂಗುರವನ್ನು ಬರೆದಂತೆಯೇ ಇದು. ಮೂಲಚಿತ್ರವನ್ನು ಹಾಗೆಯೇ ಉಳಿಸಿ, ತಿದ್ದಿದ್ದನ್ನು 'ತಿದ್ದಿದ್ದು' ಎಂದು ಗುರುತಿಸುವುದು ಪ್ರಾಮಾಣಿಕತೆ.

ಶಾಲೆಗಳಿಗೆ ಈ ಕಾರ್ಯದಲ್ಲಿ ವಿಶೇಷ ಪಾತ್ರವಿದೆ. ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ತನ್ನ ಅಜ್ಜಿಯ ಬಳಿ ಕುಳಿತು ಹತ್ತು ಚಿತ್ರಗಳಿಗೆ ಹೆಸರು ಕೇಳಿ ಬರೆದು ತಂದರೆ, ಅವನು ಇತಿಹಾಸದ ಪಾಠಪುಸ್ತಕ ಕಲಿಸಲಾರದ ಒಂದು ಸಂಗತಿಯನ್ನು ಕಲಿತಿರುತ್ತಾನೆ: ಸಾಕ್ಷ್ಯ ಎಂದರೇನು, ಊಹೆ ಎಂದರೇನು ಎಂಬುದನ್ನು. ಶಿಕ್ಷಕರು ದಾಖಲಾತಿ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ತರಗತಿಯ ಗುಂಪುಚಿತ್ರಗಳಿಗೆ 'ಕುಳಿತವರು, ಎಡದಿಂದ ಬಲಕ್ಕೆ' ಎಂದು ನೆನಪಿರುವಷ್ಟು ಹೆಸರುಗಳನ್ನು ಬರೆದು ಕಳುಹಿಸಬೇಕು. ದಾನಿಗಳು ಕಟ್ಟಡಕ್ಕೆ ಕೊಡುವ ಹಣದಲ್ಲಿ ಒಂದು ಕಬ್ಬಿಣದ ಕಪಾಟಿನಷ್ಟನ್ನು ಇದಕ್ಕೆ ತೆಗೆದಿಟ್ಟರೂ ಸಾಕು. ಮೂಲಚಿತ್ರಗಳು ಆಯಾ ಮನೆಗಳಲ್ಲಿಯೇ ಇರಲಿ. ಹೆಸರು ಸಹಿತವಾದ ನಕಲುಗಳು ಶಾಲೆಯಲ್ಲಿ ಸೇರಲಿ.

ಕಾಗದ, ರಟ್ಟು, ಪದಕ, ಪಿನ್‌ಕೋಡ್ ಇವೆಲ್ಲ ಇನ್ನೂ ಐವತ್ತು ವರ್ಷ ಕಾದಾವು. ಅವುಗಳಿಂದ ಕಾಲವನ್ನು ಮ

ುಂದೆಯೂ ನಿರ್ಣಯಿಸಬಹುದು. ಆದರೆ ನತ್ತನ್ನು ನೋಡಿ ಹೆಸರು ಹೇಳುವ ವೃದ್ಧೆ ಕಾಯಲಾರಳು. ಚಿತ್ರದ ವರ್ಷವನ್ನು ಮುಂದಿನವರು ಕಂಡುಹಿಡಿಯಲಿ. ಹೆಸರನ್ನು ಮಾತ್ರ ಈ ತಲೆಮಾರಿನವರೇ ಕೇಳಿ ಬರೆದಿಡಬೇಕು. ಬರುವ ಬಸವ ಜಯಂತಿಗೋ ದೀಪಾವಳಿಗೋ ಮನೆಮಂದಿ ಸೇರಿದಾಗ, ಗೋಡೆಯ ಚಿತ್ರಗಳನ್ನು ಇಳಿಸಿ ಧೂಳು ಒರೆಸುವ ಹೊತ್ತಿಗೆ, ಹಿರಿಯರ ಮುಂದೆ ಅವನ್ನಿಟ್ಟು ಒಂದು ಪೆನ್ಸಿಲು ಹಿಡಿದು ಕುಳಿತರೆ ಕೆಲಸ ಆರಂಭವಾದಂತೆ.